ಹೊಕ್ಕಳ ಸುತ್ತ ಮೂರು ಬರೆ

ಹೊಟ್ಟೆಯ ಮೇಲಿನ ಮೂರು ಚುಕ್ಕೆಗಳನ್ನು ಒಬ್ಬ ಡಾಕ್ಟರಮ್ಮನಿಗೆ ತೋರಿಸಿ ಬರಲು ನನಗೆ ಹತ್ತಿರ ಹತ್ತಿರ ಅರವತ್ತು ಸೀರೆ ಖರ್ಚಾಯಿತು. ರೂಪಾಯಿಯಲ್ಲೇ ಹೇಳಬಹುದಿತ್ತು. ಆದರೆ ಹರೆಯದಿಂದ ಸೀರೆ ಮಾರಿಕೊಂಡೇ ಬಂದವಳಿಗೆ ಯಾವುದರ ಬೆಲೆಯನ್ನಾದರೂ ಸೀರೆಯಲ್ಲಿ ಹೇಳಿದರೇ ಮನಸ್ಸಿಗೆ ಹತ್ತುತ್ತದೆ. ವಿಮಾನದ ಟಿಕೇಟು, ವೀಸಾ, ಅಲ್ಲಿನ ಚಳಿಗೆಂದು ಕೊಂಡ ದಪ್ಪ ಕೋಟು, ಎಲ್ಲ ಸೇರಿ ಅಷ್ಟು. ಕೋಟಿನ ಬೆಲೆಯನ್ನು ಹುಬ್ಬಳ್ಳಿಯಲ್ಲಿ ಅರ್ಧಕ್ಕೆ ಇಳಿಸಿದೆ. ಟಿಕೇಟಿನ ಬೆಲೆ ಇಳಿಸಲು ಆಗಲಿಲ್ಲ. ವಿಮಾನದವರು ಮುಖವನ್ನೇ ತೋರಿಸುವುದಿಲ್ಲ. ಎದುರಿಗೆ ಮುಖವಿಲ್ಲದ ವ್ಯಾಪಾರದಲ್ಲಿ ಸೋಲು ಯಾವಾಗಲೂ ನಮ್ಮದೇ, ಇದನ್ನು ನೆನಪಿಡಿ.

ಅಷ್ಟು ಖರ್ಚು ಯಾಕೆ ಮಾಡಿದೆ ಎಂದರೆ, ಬಾಣಂತನಕ್ಕೆ. ಹೆರದವಳ ಬಾಣಂತನಕ್ಕೆ. ನಗಬೇಡಿ, ಹೇಳುತ್ತೇನೆ.

ಇದೆಲ್ಲ ಈಗ ನೆನಪಾದದ್ದು ಒಂದು ವಾಸನೆಯಿಂದ. ಈ ಬೆಳಿಗ್ಗೆ ಗಜೇಂದ್ರಗಡದ ನನ್ನ ಅಂಗಡಿಯಲ್ಲಿ ನರಗುಂದದಿಂದ ಬಂದ ಗಿರಾಕಿಯೊಬ್ಬರಿಗೆ ನಮ್ಮೂರ ಮಗ್ಗದ ಪಟ್ಟೇದ ಅಂಚಿನ ಸೀರೆ ಬಿಚ್ಚಿ ತೋರಿಸುತ್ತಿದ್ದೆ. ಮಗಳ ಮದುವೆಯಂತೆ, ಬೀಗರಿಗೆ ಕೊಡಲು ಬೇಕಂತೆ. ಬೀಗರಿಗೆ ಎಂದ ಕೂಡಲೇ ಕೊಳ್ಳುವವರ ಕಣ್ಣು ಸೀರೆಯ ಅಂಚಿನ ಮೇಲಿರುತ್ತದೆ, ಮೈ ಮೇಲಿರುವುದಿಲ್ಲ. ಅದನ್ನು ಅರಿತು ಅಂಚನ್ನೇ ಬೆಳಕಿಗೆ ಹಿಡಿದಿದ್ದೆ. ವ್ಯಾಪಾರ ಇನ್ನೇನು ಕುದುರಬೇಕು, ಅಷ್ಟರಲ್ಲಿ ಹಿತ್ತಲ ಕಡೆಯಿಂದ ಸುಟ್ಟ ಅರಿಶಿನ ಕೊಂಬಿನ ವಾಸನೆ ಬಂತು. ಪಕ್ಕದ ಮನೆ ನೇಕಾರರ ನೀಲವ್ವನದು. ಅವಳ ಮಗಳು ಹೆರಿಗೆಗೆ ಬಂದು ಹೆತ್ತು ಇನ್ನೂ ವಾರವಾಗಿಲ್ಲ. ನಾನು ಸೀರೆಯನ್ನು ಗಿರಾಕಿಯ ತೊಡೆಯ ಮೇಲೆಯೇ ಬಿಟ್ಟು ಎದ್ದೆ. ಗಿರಾಕಿಯನ್ನು ನಡುವೆ ಬಿಟ್ಟು ಎದ್ದದ್ದು ಜನ್ಮದಲ್ಲಿ ಇದೇ ಮೊದಲು. ನೀಲವ್ವನ ಬಾಗಿಲಿನ ಆಚೆ ಏನು ಕಂಡಿತೆಂಬುದನ್ನು ಆಮೇಲೆ ಹೇಳುತ್ತೇನೆ. ಸುಟ್ಟ ಅರಿಶಿನಕ್ಕೂ ನನ್ನ ಅರವತ್ತು ಸೀರೆಗೂ ಏನು ಸಂಬಂಧ ಎನ್ನುವುದು ನಿಮಗೆ ಮೊದಲು ತಿಳಿಯಬೇಕು.

ನನಗೊಬ್ಬಳು ತಂಗಿ, ಶಕುಂತಲಾ. ನನಗಿಂತ ಬಹಳ ಚಿಕ್ಕವಳು. ನಾನು ತಲೆಯ ಮೇಲೆ ಸೀರೆಯ ಗಂಟು ಹೊತ್ತು ರೋಣ, ನರಗುಂದ, ಇಟಗಿ ಅಂತ ಓಣಿ ಓಣಿ ತಿರುಗುತ್ತಿದ್ದಾಗ ಅವಳು ಪುಸ್ತಕದ ಚೀಲ ಹೊತ್ತು ಸಾಲಿಗೆ ಹೋಗುತ್ತಿದ್ದಳು. ನನ್ನ ಗಂಟು ಕರಗಿದಂತೆ ಅವಳ ಚೀಲ ತುಂಬಿತು. ನರ್ಸಿಂಗ್ ಓದಿದಳು. ಗಂಡ ಮಹಾಂತೇಶನೊಂದಿಗೆ ಐರ್ಲೆಂಡ್ ಎಂಬ ದೇಶಕ್ಕೆ ಹೋಗಿ ಅಲ್ಲಿ ಮುದುಕರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಮಕ್ಕಳಾಗಲಿಲ್ಲ. ಡಾಕ್ಟರು ದೇವರು ಎರಡೂ ಮುಗಿದ ಮೇಲೆ ದತ್ತು ತೆಗೆದುಕೊಳ್ಳುವುದೆಂದು ಗಂಡ ಹೆಂಡತಿ ನಿಶ್ಚಯ ಮಾಡಿದರು. ಹೊರದೇಶದಲ್ಲಿದ್ದು ಇಲ್ಲಿನ ಮಗುವನ್ನು ಪಡೆಯುವುದೆಂದರೆ ಅದರ ಕಾಗದದ ಕಥೆ ಹೇಳಿ ಮುಗಿಯುವಂಥದ್ದಲ್ಲ, ಬಿಡಿ. ವರ್ಷಗಳು ಹೋದವು. ಕೊನೆಗೆ ಒಂದು ದಿನ ಫೋನಿನಲ್ಲಿ ಹೆಣ್ಣುಕೂಸಿನ ಚಿತ್ರ ಬಂತು. ಹೆಸರು ಸಿರಿ. ಕೆಲವು ತಿಂಗಳ ಕೂಸಾಗಿದ್ದಾಗ ಕೊಣ್ಣೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದು, ಜಿಲ್ಲಾ ಊರಿನ ದತ್ತು ಕೇಂದ್ರದಲ್ಲಿ ಬೆಳೆದದ್ದು. ಆಗ ಎರಡು ವರ್ಷ ತುಂಬುತ್ತಿತ್ತು.

ನೋಡಿ, ಕೊಣ್ಣೂರಿನಿಂದ ಗಜೇಂದ್ರಗಡಕ್ಕೆ ಬಸ್ಸು ಬದಲಿಸಿಕೊಂಡು ಅರ್ಧ ದಿನದಲ್ಲಿ ಬರಬಹುದು. ಆ ಕೂಸು ನಮ್ಮ ಮನೆ ಸೇರಲು ಅದರ ಕಾಗದ ದಿಲ್ಲಿ, ಐರ್ಲೆಂಡ್ ಎಲ್ಲ ಸುತ್ತಿ ಬರಬೇಕಾಯಿತು. ವ್ಯಾಪಾರದಲ್ಲಿಯೂ ಹೀಗೇ. ನಮ್ಮೂರ ಮಗ್ಗದ ಸೀರೆ ಹುಬ್ಬಳ್ಳಿಗೆ ಹೋಗಿ, ಅಲ್ಲಿ ಬಣ್ಣದ ಡಬ್ಬಿ ಸೇರಿ, ಮತ್ತೆ ನಮ್ಮೂರ ಮದುವೆಗೆ ಬರುತ್ತದೆ. ನಡುವೆ ಕೈಗಳು ಹೆಚ್ಚಾದಷ್ಟೂ ಸರಕಿನ ಮೂಲ ಮರೆಯಾಗುತ್ತದೆ.

ಇನ್ನು ಬಾಣಂತನ. ಅವ್ವ ತೀರಿಕೊಂಡಿದ್ದಳು. ತಾಯಿ ಇಲ್ಲದಿದ್ದರೆ ಅಕ್ಕನೇ ಬಾಣಂತನ ಮಾಡಬೇಕಲ್ಲವೇ? ನಾನು ಬರುತ್ತೇನೆ ಎಂದಾಗ ಶಕುಂತಲಾ ಫೋನಿನಲ್ಲೇ ನಕ್ಕಳು.

"ಅಕ್ಕಾ, ನಾ ಏನ್ ಹಡದೀನೇನ? ನನಗ್ಯಾಕ ಬಾಣಂತನ?"

"ಕೂಸು ಮನಿಗಿ ಬಂತಂದ್ರ ಬಾಣಂತನ ಆಗಬೇಕು. ಹಡದದ್ದು ಯಾರರ ಇರಲಿ."

ಹೀಗೆಂದು ಅಂಟಿನುಂಡಿ ಕಟ್ಟಿದೆ. ಅಂಟು, ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ. ನಮ್ಮ ಕಡೆ ಬಾಣಂತಿಯ ಬೆನ್ನು ಗಟ್ಟಿಯಾಗಲು ತಿನ್ನಿಸುವುದು. ಹೆರದವಳ ಬೆನ್ನಿಗೆ ಏನಾಗಿದೆ ಎಂದು ಮನೆಯವರು ಕೇಳಿದರು. ಎರಡು ವರ್ಷದ ಕೂಸನ್ನು ದಿನವಿಡೀ ಎತ್ತಿಕೊಳ್ಳುವವಳ ಬೆನ್ನು ಹೆತ್ತವಳ ಬೆನ್ನಿಗಿಂತ ಹೆಚ್ಚು ನೋಯುತ್ತದೆ ಎಂದೆ. ಆ ಉಂಡಿಗಳನ್ನು ಕೊನೆಗೆ ತಿಂದು ದಪ್ಪಗಾದವನು ಮಹಾಂತೇಶ. ಅದು ಬೇರೆ ಮಾತು.

ಐರ್ಲೆಂಡಿಗೆ ಹೊರಡುವ ಮೊದಲು ತಂಗಿ ಬಂದು ಮಗುವನ್ನು ಪಡೆದುಕೊಂಡು ಕೆಲವು ದಿನ ನಮ್ಮ ಮನೆಯಲ್ಲಿದ್ದಳು. ಓಣಿಯ ಹೆಂಗಸರೆಲ್ಲ ಕೂಸನ್ನು ನೋಡಲು ಬಂದರು. ಹಿತ್ತಲಿನಲ್ಲಿ ಹಂಡೆ ಕಾಯಿಸಿ, ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಎಣ್ಣೆ ತಿಕ್ಕಿ ಎರೆದದ್ದು ನಾನೇ. ನೀರು ಹಾಕಿದವಳು ನೀಲವ್ವ, ಸೀಗೆಪುಡಿ ಹಿಡಿದು ನಿಂತವಳು ಶಕುಂತಲಾ. ಸುತ್ತ ನಿಂತು ಸಲಹೆ ಕೊಟ್ಟವರಿಗಂತೂ ಲೆಕ್ಕವಿಲ್ಲ. ಮೂಗು ತಿದ್ದು, ತಲೆ ಒತ್ತು ಎಂದರು. ಎರಡು ವರ್ಷದ ಕೂಸಿನ ತಲೆ ಒತ್ತಿದರೆ ಅದು ನಮ್ಮ ತಲೆ ಒತ್ತುತ್ತದೆ. ಕೂಸಿನ ಕಿವಿ, ಬೆರಳು, ಬೆನ್ನಿನ ಮಚ್ಚೆ ಎಲ್ಲದರ ಬಗ್ಗೆ ಮಾತಾಯಿತು. ಹೊಕ್ಕಳ ಸುತ್ತ ಜೋಳದ ಕಾಳಿನಷ್ಟು ದೊಡ್ಡ ಮೂರು ಬಿಳಿಚು ಗುರುತುಗಳಿದ್ದವು. ಅವುಗಳ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ.

ಮುಚ್ಚಿಟ್ಟದ್ದಲ್ಲ. ಕಾಣಲೇ ಇಲ್ಲ. ಕಣ್ಣಿಗೆ ಬಿದ್ದಿತ್ತು, ಆದರೆ ಕಾಣಲಿಲ್ಲ. ನಮ್ಮ ಕಡೆ ಕೂಸಿನ ಮೈ ಹಳದಿಯಾದರೆ, ಸೆಟೆದುಕೊಂಡರೆ, ಹೊಟ್ಟೆ ಉಬ್ಬಿದರೆ ಬರೆ ಹಾಕಿಸುತ್ತಿದ್ದರು. ಅರಿಶಿನ ಕೊಂಬಿನ ತುದಿಯನ್ನು ದೀಪಕ್ಕೆ ಹಿಡಿದು ಕೆಂಡ ಮಾಡಿ, ಹೊಕ್ಕಳ ಸುತ್ತ ಚುರ್ ಎಂದು ಮುಟ್ಟಿಸುವುದು. ಕೆಲವರು ಬಳೆಯ ಚೂರು ಕಾಯಿಸುತ್ತಾರೆ. ಈಗಲೂ ಅಲ್ಲಲ್ಲಿ ಹಾಕಿಸುವವರಿದ್ದಾರೆ. ನನ್ನ ಹೊಟ್ಟೆಯ ಮೇಲೂ ಮೂರಿವೆ. ನೀಲವ್ವನ ಹೊಟ್ಟೆಯ ಮೇಲೂ ಇವೆ. ಆ ಹಿತ್ತಲಿನಲ್ಲಿ ನಿಂತಿದ್ದ ಹೆಂಗಸರಲ್ಲಿ ಅರ್ಧ ಮಂದಿಗೆ ಇದ್ದವು. ಎಲ್ಲರಿಗೂ ಇರುವ ಗುರುತನ್ನು ಗುರುತೆಂದು ಯಾರು ಹೇಳುತ್ತಾರೆ?

ನಾನೂ ಅವರೊಂದಿಗೆ ಐರ್ಲೆಂಡಿಗೆ ಹೋಗಿ ಕೆಲವು ದಿನಗಳಾದ ಮೇಲೆ ಮಗುವಿನ ವೈದ್ಯಕೀಯ ಪರೀಕ್ಷೆಗಳು ಶುರುವಾದವು. ಇಲ್ಲಿ ಒಮ್ಮೆ ಎಲ್ಲ ಆಗಿತ್ತು. ಅಲ್ಲಿ ಮತ್ತೆ ಎಲ್ಲ ಮಾಡುತ್ತಾರೆ. ಮೊದಲು ನನಗೆ ಸಿಟ್ಟು ಬಂತು, ನಮ್ಮ ಡಾಕ್ಟರು ಏನು ಕಡಿಮೆ ಅಂತ. ಆಮೇಲೆ ನಾನೇ ಸಮಾಧಾನ ಮಾಡಿಕೊಂಡೆ. ಪೇಟೆಯಲ್ಲಿ ತೂಗಿಸಿದ ಕಡಲೆಯನ್ನು ಮನೆಗೆ ತಂದು ನಾನೂ ಮತ್ತೆ ತೂಗುತ್ತೇನಲ್ಲ. ಅದು ಅಂಗಡಿಯವನ ಮೇಲಿನ ಸಂಶಯವಲ್ಲ, ಮನೆಯ ತಕ್ಕಡಿಯ ಮೇಲಿನ ನಂಬಿಕೆ.

ಡಾಕ್ಟರಮ್ಮ ವಯಸ್ಸಾದವಳು, ಬೆಳ್ಳಗಿನ ಕೂದಲು, ಮೆಲ್ಲಗಿನ ಮಾತು. ಕೂಸಿನ ಹತ್ತಿರ ಬರುವ ಮೊದಲು ಕೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದಳು. ಅದು ನನಗೆ ಹಿಡಿಸಿತು. ಹಿಡಿಸದೆ ಇದ್ದದ್ದು ರಕ್ತದ ವಿಷಯ. ನರ್ಸು ಸಣ್ಣ ಸಣ್ಣ ಗಾಜಿನ ನಳಿಗೆಗಳನ್ನು ಸಾಲಾಗಿ ಜೋಡಿಸತೊಡಗಿದಳು. ಅಷ್ಟು ಪುಟ್ಟ ಕೂಸಿನಿಂದ ಅಷ್ಟೊಂದು ರಕ್ತವೇ? ನಾನು ಎರಡು ನಳಿಗೆ ಎತ್ತಿ ಪಕ್ಕಕ್ಕಿಟ್ಟೆ, ಇಷ್ಟರಲ್ಲೇ ಮಾಡಿಕೊಳ್ಳಿ ಅಂತ ಕೈಸನ್ನೆ ಮಾಡಿದೆ. ನರ್ಸು ಒಂದನ್ನು ವಾಪಸು ಇಟ್ಟಳು. ನಾನು ಮತ್ತೆ ಅದನ್ನು ತೆಗೆದೆ. ಶಕುಂತಲಾ ನಾಚಿಕೆಯಿಂದ ಗೋಡೆಯ ಕಡೆ ತಿರುಗಿದಳು. ನರ್ಸು ನಗುತ್ತ ಡಾಕ್ಟರಮ್ಮನನ್ನು ಕೇಳಿ ಬಂದು, ಒಂದು ಪರೀಕ್ಷೆಯನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳೋಣ ಎಂದಳಂತೆ. ರಕ್ತಕ್ಕೂ ಚೌಕಾಸಿ ನಡೆಯುತ್ತದೆ ಎಂದು ಆವತ್ತು ತಿಳಿಯಿತು. ಕೇಳದೆ ಇದ್ದರೆ ಯಾರೂ ಬಿಡುವುದಿಲ್ಲ.

ಕಿವಿಯ ಪರೀಕ್ಷೆಯಲ್ಲಿ ಇನ್ನೊಂದು ಫಜೀತಿ. ಕೂಸಿನ ಹಿಂದೆ ನಿಂತು ಅವರು ಮೆಲ್ಲಗೆ ಏನೇನೋ ಕರೆದರು. ಸಿರಿ ತಿರುಗಲೇ ಇಲ್ಲ. ಡಾಕ್ಟರಮ್ಮನ ಹುಬ್ಬು ಗಂಟಾಯಿತು. ಮೂಲೆಯಲ್ಲಿ ಕೂತಿದ್ದ ನಾನು ಇನ್ನೂ ಮೆಲ್ಲಗೆ, "ಸಿರೀ, ಬೆಕ್ಕು ಬಂತು ನೋಡವಾ" ಅಂದೆ. ಗರಕ್ಕನೆ ತಿರುಗಿತು, ಎಲ್ಲರೂ ನಕ್ಕರು. ಕಿವಿ ಸರಿಯಿತ್ತು. ಆ ಕೂಸಿಗೆ ಅವರ ಮಾತು ಇನ್ನೂ ಮಾತೇ ಆಗಿರಲಿಲ್ಲ, ಗಾಳಿಯ ಸದ್ದಿನಂತೆ ಕೇಳಿಸುತ್ತಿತ್ತು, ಅಷ್ಟೇ.

ಆ ನಗು ಇನ್ನೂ ಮುಗಿದಿರಲಿಲ್ಲ. ಡಾಕ್ಟರಮ್ಮ ಕೂಸನ್ನು ಮಲಗಿಸಿ ಅಂಗಿ ಎತ್ತಿದಳು. ನಗು ನಿಂತಿತು.

ಅವಳು ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು ಹೊಕ್ಕಳ ಸುತ್ತ ನೋಡಿದಳು. ಒಂದೊಂದರ ಮೇಲೂ ಬೆರಳಾಡಿಸಿದಳು. ಶಕುಂತಲಾಳ ಕಡೆ ತಿರುಗಿ ಏನೋ ಕೇಳಿದಳು. ನನಗೆ ಇಂಗ್ಲಿಷು ವ್ಯಾಪಾರಕ್ಕೆ ಬೇಕಾದಷ್ಟು ಮಾತ್ರ ಬರುತ್ತದೆ. ಆದರೆ ತಂಗಿ ಹೇಳಿದ್ದು ತಿಳಿಯಿತು. ಗೊತ್ತಿಲ್ಲ ಎಂದಳು. ಡಾಕ್ಟರಮ್ಮ ಮತ್ತೊಮ್ಮೆ ಕೇಳಿದಳು. ತಂಗಿ ಮತ್ತೊಮ್ಮೆ ಗೊತ್ತಿಲ್ಲ ಎಂದಳು. ಎರಡನೆಯ ಸಲ ಅವಳ ಧ್ವನಿ ಗಿರಾಕಿಗೆ ಬಣ್ಣ ಹೋಗುವ ಸೀರೆ ಮಾರುವವರ ಧ್ವನಿಯಂತಿತ್ತು. ಆ ಧ್ವನಿ ನನಗೆ ಚೆನ್ನಾಗಿ ಗೊತ್ತು. ಡಾಕ್ಟರಮ್ಮನಿಗೂ ಗೊತ್ತಾಯಿತೆಂದು ಕಾಣುತ್ತದೆ. ಅವಳು ಬರೆದುಕೊಂಡಳು.

ಕಾರಿನಲ್ಲಿ ಸಿರಿ ಕಿಟಕಿಯಲ್ಲಿ ಕಂಡ ಕುರಿಗಳನ್ನೆಲ್ಲ ಕರೆಯುತ್ತಿತ್ತು. ಮನೆಗೆ ಬಂದು ಮಹಾಂತೇಶ ಕೇಳಿದ ಮೇಲೆ ತಂಗಿ ಬಾಯಿಬಿಟ್ಟಳು. ಆ ದೇಶದಲ್ಲಿ ಮಗುವಿನ ಮೈಮೇಲೆ ಸುಟ್ಟ ಗಾಯ ಕಂಡು ಅದಕ್ಕೆ ಕಾರಣ ತಿಳಿಯದಿದ್ದರೆ ಡಾಕ್ಟರು ಸುಮ್ಮನಿರುವಂತಿಲ್ಲ. ಮಕ್ಕಳ ಕಲ್ಯಾಣ ನೋಡುವ ಇಲಾಖೆಗೆ ತಿಳಿಸಬೇಕು. ಅವರು ಮನೆಗೆ ಬರುತ್ತಾರೆ, ವಿಚಾರಿಸುತ್ತಾರೆ. ಸಮಾಧಾನವಾಗದಿದ್ದರೆ ಮಗುವನ್ನು ಸ್ವಲ್ಪ ಕಾಲ ಬೇರೆಯವರ ಮನೆಯಲ್ಲಿ ಇರಿಸಲೂಬಹುದು. ವರ್ಷಗಟ್ಟಲೆ ಕಾದು ಪಡೆದ ಕೂಸು, ಇನ್ನೂ ಈಗಷ್ಟೇ ಅವಳನ್ನು ಅವ್ವಾ ಎನ್ನಲು ಕಲಿತಿತ್ತು.

"ಬರಿ ಅಂತ ನಿನಗ ಗೊತ್ತಿತ್ತಲ್ಲ. ಗೊತ್ತಿಲ್ಲ ಅಂತ ಯಾಕಂದಿ?" ಎಂದು ಕೇಳಿದೆ.

ಅವಳು ತಡೆದು ಹೇಳಿದಳು: "ಹೇಳಿದ್ರ ನಾವು ಕೂಸಿನ ಸುಡೂ ಮಂದಿ ಅಂತ ಆಗ್ತಿತ್ತಕ್ಕಾ. ನಾಳಿ ಅದ ಊರಾಗ ನಾ ಕೆಲಸಕ್ಕ ಹೋಗಬೇಕು. ಬಾಯಿಗಿ ಅದ ಬಂತು."

ನನಗೆ ಬೈಯಬೇಕೆನಿಸಿತು, ಬೈಯಲಾಗಲಿಲ್ಲ. ಅವಳ ಹೊಟ್ಟೆಯ ಮೇಲೆ ಬರೆಯಿಲ್ಲ. ಅವಳು ರೋಣದ ದವಾಖಾನೆಯಲ್ಲಿ ಹುಟ್ಟಿದವಳು. ಅಷ್ಟು ಹೊತ್ತಿಗೆ ನಮ್ಮವ್ವನಿಗೆ ಒಂದು ಧೈರ್ಯ, ಕೈಯಲ್ಲಿ ಒಂದಿಷ್ಟು ಕಾಸು, ಊರಿಗೊಂದು ಬಸ್ಸು ಬಂದಿತ್ತು. ನಾನು ಹುಟ್ಟಿದಾಗ ಯಾವುದೂ ಇರಲಿಲ್ಲ. ನಾನು ಹಳದಿಯಾಗಿ ಹಾಲು ಬಿಟ್ಟಿದ್ದೆನಂತೆ. ಅವ್ವ ಹಸಿ ಬಾಣಂತಿ, ನನ್ನನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಿಸಿಲಿನಲ್ಲಿ ಮುಂದಿನ ಊರಿಗೆ ನಡೆದು ಹೋಗಿ ಹಾಕಿಸಿಕೊಂಡು ಬಂದಳಂತೆ. ಚುರ್ ಎಂದಾಗ ನಾನು ಅತ್ತೆನಂತೆ. ಅಲ್ಲಿಯತನಕ ಅಳುವ ಶಕ್ತಿಯೂ ಇರಲಿಲ್ಲವಂತೆ. ಆ ಅಳು ಕೇಳಿ ಅವ್ವ ನಕ್ಕಳಂತೆ. ಚಿಕ್ಕಂದಿನಲ್ಲಿ ನಾನು ಸಿಟ್ಟು ಮಾಡಿಕೊಂಡಾಗಲೆಲ್ಲ ಅವಳು ಈ ಕಥೆ ಹೇಳುತ್ತಿದ್ದಳು. ನಾನು ಅದನ್ನು ಯಾವತ್ತೂ ಕ್ರೂರವೆಂದು ತಿಳಿದವಳಲ್ಲ. ಐರ್ಲೆಂಡಿನ ಆ ಕೋಣೆಯಲ್ಲಿ ಕೂತು ಮೊದಲ ಸಲ ಯೋಚಿಸಿದೆ, ವಾರದ ಕೂಸಿನ ಹೊಟ್ಟೆಗೆ ಕೆಂಡ ಮುಟ್ಟಿಸುವುದು! ಯೋಚಿಸಿದಷ್ಟೂ ತಲೆ ಕೆಟ್ಟಿತು. ಅವ್ವನ ಪರ ನಿಂತರೆ ಕೆಂಡದ ಪರ ನಿಂತಂತೆ. ಕೆಂಡದ ವಿರುದ್ಧ ನಿಂತರೆ ಅವ್ವನ ವಿರುದ್ಧ.

ಮರುವಾರ ಮತ್ತೆ ಕರೆ ಬಂತು. ಈ ಸಲ ಡಾಕ್ಟರಮ್ಮನ ಜೊತೆ ಇಲಾಖೆಯ ಒಬ್ಬ ಹೆಣ್ಣುಮಗಳೂ ಇದ್ದಳು. ಕನ್ನಡ ಬಲ್ಲ ದುಭಾಷಿ ಸಿಗದೆ ಶಕುಂತಲಾಳೇ ನನ್ನ ಮಾತು ತಿಳಿಸಬೇಕೆಂದಾಯಿತು. ನನಗೆ ಗೊತ್ತಿರುವುದನ್ನು ಹೇಳುತ್ತೇನೆ ಎಂದೆ. ಹೇಳಲು ಶುರು ಮಾಡಿದೆ. ಆದರೆ ತಂಗಿ ನನ್ನ ಮಾತನ್ನು ಅರ್ಧಕ್ಕೆ ಇಳಿಸಿ ಹೇಳುತ್ತಿದ್ದಾಳೆಂದು ಗೊತ್ತಾಯಿತು. ನಾನು ಉದ್ದ ಹೇಳಿದರೆ ಅವಳು ಗಿಡ್ಡ ಹೇಳುತ್ತಿದ್ದಳು. ಅವರಿಬ್ಬರ ಮುಖ ಸಡಿಲವಾಗಲಿಲ್ಲ. ಸರಕು ತೋರಿಸದೆ ಬರೀ ಬಾಯಿಯಲ್ಲಿ ಮಾರಿದರೆ ಯಾರು ನಂಬುತ್ತಾರೆ? ಎದ್ದು ನಿಂತೆ. ಆ ದಪ್ಪ ಕೋಟು ತೆಗೆದೆ. ಸೀರೆಯ ನೆರಿಗೆಯನ್ನು ಸ್ವಲ್ಪ ಕೆಳಗೆ ಸರಿಸಿ ನನ್ನ ಹೊಟ್ಟೆಯನ್ನು ದೀಪದ ಕೆಳಗೆ ಹಿಡಿದೆ.

"ಅಕ್ಕಾ," ಎಂದಳು ಶಕುಂತಲಾ, ಅಷ್ಟೇ.

ಡಾಕ್ಟರಮ್ಮ ಎದ್ದು ಬಂದಳು. ಮುಟ್ಟಲೇ ಎಂದು ಕಣ್ಣಲ್ಲೇ ಕೇಳಿದಳು. ಕೈ ಉಜ್ಜಿಕೊಂಡಳು. ನನ್ನ ವಯಸ್ಸಿನ ಹೊಟ್ಟೆಯ ಮೇಲೆ, ಬಸಿರಿನ ಗೆರೆಗಳ ನಡುವೆ, ಆ ಮೂರನ್ನೂ ಹುಡುಕಿ ಬೆರಳಿಟ್ಟಳು. ಕೂಸಿಗೆ ಇದ್ದ ಜಾಗದಲ್ಲೇ ಇದ್ದವು. ನನ್ನ ಮೈ ಬೆಳೆದಂತೆ ಅವೂ ಹಿಗ್ಗಿದ್ದವು. ಅವಳು ಯಾರು ಹಾಕಿದ್ದು, ಯಾಕೆ ಎಂದು ಕೇಳಿದಳು. ನಮ್ಮವ್ವ ಹಾಕಿಸಿದ್ದು ಎಂದೆ.

"ಬದುಕ್ಲಿ ಅಂತ ಹಾಕಸ್ತಾರ್ರಿ. ಬ್ಯಾಡಾದ ಕೂಸಿಗಿ ಯಾರೂ ಬರಿ ಹಾಕ್ಸೂದಿಲ್ಲ."

ತಂಗಿಗೆ ಇದನ್ನು ಹೇಳಲು ಆಗಲಿಲ್ಲ. ಆಗಲೇ ಅವಳಿಗೂ ಹೊಳೆದದ್ದು ಎಂದು ಕಾಣುತ್ತದೆ, ನನಗೂ ಮಾತು ಬಾಯಿಂದ ಬಿದ್ದ ಮೇಲೆಯೇ ಹೊಳೆದದ್ದು. ಅಷ್ಟು ದಿನ ನಾವು ಸಿರಿಯನ್ನು ಯಾರಿಗೂ ಬೇಡವಾಗಿ ಬಸ್ ನಿಲ್ದಾಣಕ್ಕೆ ಬಿದ್ದ ಕೂಸು ಎಂದೇ ತಿಳಿದಿದ್ದೆವು. ಆ ಕೂಸು ಹಳದಿಯಾದಾಗ ಯಾರೋ ಹೆದರಿದ್ದರು. ಯಾರೋ ಎತ್ತಿಕೊಂಡು ನಡೆದಿದ್ದರು. ಅತ್ತಾಗ ನಕ್ಕಿದ್ದರು. ಬದುಕಿಸಿಕೊಂಡು, ಹಾಲು ಕುಡಿಸಿ, ಆಮೇಲೆ ಬಿಟ್ಟುಹೋಗಿದ್ದರು. ಯಾಕೆ ಬಿಟ್ಟರು? ಅದು ನನಗೆ ಇವತ್ತಿಗೂ ತಿಳಿದಿಲ್ಲ. ಬೇಡವಾಗಿದ್ದರೆ ಬರೆ ಯಾಕೆ, ಬೇಕಾಗಿದ್ದರೆ ಕೊಣ್ಣೂರು ಯಾಕೆ?

ಶಕುಂತಲಾ ಕಣ್ಣು ಒರೆಸಿಕೊಂಡು, ಈ ಸಲ ಅರ್ಧ ಮಾಡದೆ, ಇಡಿಯಾಗಿ ಹೇಳಿದಳು. ತಾನು ಮೊದಲು ಗೊತ್ತಿಲ್ಲ ಎಂದದ್ದು ನಾಚಿಕೆಯಿಂದ ಎಂಬುದನ್ನೂ ಹೇಳಿದಳು. ಡಾಕ್ಟರಮ್ಮ ಅದನ್ನೆಲ್ಲ ಬರೆದುಕೊಂಡಳು. ಆಮೇಲೆ ಅವಳು ಹೇಳಿದ್ದನ್ನು ತಂಗಿ ನನಗೆ ತಿಳಿಸಿದಳು. ಪ್ರೀತಿ ಇದ್ದಿರಬಹುದು, ಆದರೂ ಇದು ಸುಟ್ಟ ಗಾಯವೇ. ಹಳದಿ ಹೆಚ್ಚಾದ ಕೂಸಿಗೆ ಆಸ್ಪತ್ರೆಯ ಬೆಳಕು ಬೇಕು, ಕೆಂಡವಲ್ಲ. ಇದರಿಂದ ಕೀವಾಗಿ ಸತ್ತ ಕೂಸುಗಳೂ ಇರುತ್ತವೆ. ಅವು ಇಲ್ಲಿ ಬಂದು ನಿಂತು ಹೊಟ್ಟೆ ತೋರಿಸಲಾರವು.

ಹೌದು ಎಂದು ತಲೆಯಾಡಿಸಿದೆ. ನಿಮ್ಮ ಮಗುವಿಗೆ ಹಾಕಿಸಿದಿರಾ ಎಂದು ಕೇಳಿದಳು.

"ಇಲ್ರಿ. ನನ್ನ ಮಗ ಹುಟ್ಟಿದಾಗ ದವಾಖಾನಿ ಹತ್ರಿತ್ತು."

ದೂರವಿದ್ದಿದ್ದರೆ, ಎಂದು ಕೇಳಿದಳು.

ಮೂರು ತಾಲೂಕಿನಲ್ಲಿ ನನ್ನ ಬಾಯಿಗೆ ಹೆದರುವ ವ್ಯಾಪಾರಿಗಳಿದ್ದಾರೆ. ಯಾರು ಏನು ಕೇಳಿದರೂ ಎರಡು ಮಾತು ಮುಂದಿಡುವವಳು ನಾನು. ಆವತ್ತು ಆ ಡಾಕ್ಟರಮ್ಮನ ಮುಂದೆ ಸೀರೆಯ ನೆರಿಗೆ ಹಿಡಿದುಕೊಂಡು ಸುಮ್ಮನೆ ನಿಂತೆ. ಒಂದು ಕಡೆಯವರು ಸರಿ, ಇನ್ನೊಂದು ಕಡೆಯವರು ತಪ್ಪು ಎಂದಿದ್ದರೆ ನಡುವೆ ಎಲ್ಲೋ ದರ ಮುರಿದು ಒಪ್ಪಂದಕ್ಕೆ ಬರಬಹುದು. ಎರಡೂ ಕಡೆ ಸರಿ, ಎರಡೂ ಕಡೆ ತಪ್ಪು ಇದ್ದರೆ ಎಲ್ಲಿ ಮುರಿಯುವುದು?

ಕೂಸನ್ನು ಎಲ್ಲಿಗೂ ಕಳಿಸಲಿಲ್ಲ. ದತ್ತು ಕೇಂದ್ರದ ಆಯಾಳನ್ನು ಫೋನಿನಲ್ಲಿ ಕೇಳಿದರು. ಕೂಸು ಬಂದಾಗಲೇ ಗುರುತುಗಳಿದ್ದವು, ಹಳೆಯವು ಎಂದು ಅವಳೂ ಹೇಳಿದಳು. ಅವಳೂ ನಮ್ಮಂತೆಯೇ, ಯಾರೂ ಕೇಳದಿದ್ದರಿಂದ ಹೇಳಿರಲಿಲ್ಲ. ಇಲಾಖೆಯ ಹೆಣ್ಣುಮಗಳು ಆಮೇಲೂ ಕೆಲವು ಸಲ ಮನೆಗೆ ಬಂದಳು. ನನ್ನ ಚಕ್ಕುಲಿ ತಿಂದಳು, ಸಿರಿ ಶಕುಂತಲಾಳ ಕುತ್ತಿಗೆ ಬಿಡದೆ ಜೋತುಬೀಳುವುದನ್ನು ನೋಡಿದಳು. ಕೊನೆಯ ಸಲ ಬಂದಾಗ ಇನ್ನು ಬರುವುದಿಲ್ಲ ಎಂದು ಹೇಳಿ ಹೋದಳು. ತಂಗಿ ಬಾಗಿಲು ಹಾಕಿ ಅಲ್ಲೇ ಕೂತುಬಿಟ್ಟಳು. ಆವತ್ತು ಅವಳಿಗೆ ಒತ್ತಾಯ ಮಾಡಿ ಒಂದು ಅಂಟಿನುಂಡಿ ತಿನ್ನಿಸಿದೆ. ಉಳಿದದ್ದು ಅದೊಂದೇ ಇತ್ತು.

ನಾನು ಹೊರಡುವ ಹೊತ್ತಿಗೆ ಅವಳು ಒಂದು ಮುಲಾಮು ತಂದಿದ್ದಳು. ಹಚ್ಚುತ್ತ ಹೋದರೆ ಕಲೆ ಮಾಸುತ್ತದಂತೆ. ಸಿರಿ ಮುಂದೆ ಈಜಿಗೆ ಹೋಗುತ್ತಾಳೆ, ಮಕ್ಕಳು ಕೇಳುತ್ತಾರೆ ಎಂದಳು. ನಾನು ಆ ಡಬ್ಬಿಯನ್ನು ತಿರುಗಿಸಿ ಬೆಲೆ ನೋಡಿದೆ. ಬಹಳವಿತ್ತು. ಹಚ್ಚಬೇಡ ಎಂದೆ. ಬೆಲೆಗಾಗಿ ಅನ್ನುತ್ತಿದ್ದೇನೆಂದು ಅವಳು ತಿಳಿದಳು.

"ಆಕಿನ ಹಡದಾಕಿ ಕೊಟ್ಟದ್ದಂತ ಆಕಿ ಹತ್ರ ಮತ್ತೇನೈತಿ ಹೇಳು?" ಎಂದೆ.

ತಂಗಿ ಡಬ್ಬಿಯನ್ನು ಕಪಾಟಿನಲ್ಲಿಟ್ಟಳು. ತೆರೆದಳೋ ಇಲ್ಲವೋ ನಾನು ಕೇಳಿಲ್ಲ.

ಊರಿಗೆ ಬಂದ ಮೇಲೂ ತಲೆಯೊಳಗೆ ಹುಳ ಕೊರೆಯುತ್ತಲೇ ಇತ್ತು. ನಮ್ಮ ಕಡೆ ಬರೆ ಹಾಕುವವರಿಗೆ ಒಬ್ಬೊಬ್ಬರದು ಒಂದೊಂದು ರೀತಿ. ಒಬ್ಬರು ಸಾಲಾಗಿ ಹಾಕುತ್ತಾರೆ, ಒಬ್ಬರು ಬೆನ್ನಿಗೆ, ಒಬ್ಬರು ಹೊಕ್ಕಳ ಸುತ್ತ. ಸೀರೆಯ ಅಂಚು ನೋಡಿ ಯಾರ ಮಗ್ಗದ್ದೆಂದು ಹೇಳುವಂತೆ, ಗುರುತು ನೋಡಿ ಯಾರ ಕೈಯೆಂದು ಹೇಳುವ ಮುದುಕಿಯರಿದ್ದಾರೆ. ವಸೂಲಿಗೆಂದು ನರಗುಂದಕ್ಕೆ ಹೋದವಳು ಒಂದು ದಿನ ಕೊಣ್ಣೂರಿನ ಬಸ್ಸು ಹತ್ತಿಬಿಟ್ಟೆ. ಆ ನಿಲ್ದಾಣದಲ್ಲಿ ಕೂತು ಚಹಾ ಕುಡಿದೆ. ಯಾವ ಕಟ್ಟೆಯ ಮೇಲೆ ಮಲಗಿಸಿದ್ದರೋ ಎಂದು ಒಂದೊಂದನ್ನೇ ನೋಡಿದೆ. ಈ ಕಡೆ ಕೂಸಿಗೆ ಬರೆ ಹಾಕುವವರು ಯಾರಿದ್ದಾರೆ ಎಂದು ಚಹಾದವನನ್ನು ಕೇಳಿದೆ. ಅವನು ಹಾಲು ಕಾಯಿಸುತ್ತಲೇ, ಹೊಳೆಯ ಆಚೆಯ ಒಂದು ಊರು ಹೇಳಿ, ಅಲ್ಲೊಬ್ಬ ಮುದುಕಿ ಇದ್ದಾಳೆ, ಈಗ ಕಣ್ಣು ಕಾಣುವುದಿಲ್ಲ, ಆದರೆ ತಾನು ಬರೆ ಹಾಕಿದ ಕೂಸು ಯಾರದೆಂದು ಕೇಳಿದರೆ ಹೆಸರು ಹೇಳುತ್ತಾಳೆ ಎಂದ.

ಇಷ್ಟು ಸುಲಭವಾಗಿತ್ತು. ದಿಲ್ಲಿಯಲ್ಲಿ, ಐರ್ಲೆಂಡಿನಲ್ಲಿ ಯಾರಿಗೂ ಗೊತ್ತಿಲ್ಲದ್ದು ಒಂದು ಚಹಾದ ದೂರದಲ್ಲಿತ್ತು. ಮಲಪ್ರಭೆಯ ಸೇತುವೆಯತನಕ ನಡೆದೆ. ನೀರು ಕೆಂಪಗೆ ಓಡುತ್ತಿತ್ತು. ಅರ್ಧ ಸೇತುವೆ ದಾಟಿದವಳು ನಿಂತೆ. ಆ ಹೆಸರು ಕೇಳಿಕೊಂಡು ನಾನು ಏನು ಮಾಡುವವಳು? ಆ ತಾಯಿಗೆ ಈಗ ಬೇರೆ ಮನೆ, ಬೇರೆ ಮಕ್ಕಳು ಇರಬಹುದು. ಬಾಗಿಲಲ್ಲಿ ಹೋಗಿ ನಿಂತು ಏನೆಂದು ಕೇಳಲಿ? ಮನಸ್ಸು ಹೋಗು ಎಂದಿತು, ವ್ಯಾಪಾರದ ಬುದ್ಧಿ ತಡೆಯಿತು. ಪರರ ಗಂಟನ್ನು ದಾರಿಯಲ್ಲಿ ಬಿಚ್ಚಬಾರದು, ಎಷ್ಟು ನಂಬಿಕೆಯವರದಾಗಿದ್ದರೂ. ಆ ಗಂಟು ಸಿರಿಯದು. ತಿರುಗಿ ಬಂದೆ. ಸರಿ ಮಾಡಿದೆನೋ, ಮುದುಕಿ ಸತ್ತು ಆ ಹೆಸರೂ ಅವಳ ಜೊತೆ ಹೋಗಲು ಬಿಟ್ಟೆನೋ, ಹೇಳಲಾರೆ. ಆ ಊರಿನ ಹೆಸರನ್ನು ಮಾತ್ರ ಶಕುಂತಲಾಳಿಗೆ ಹೇಳಿದ್ದೇನೆ.

ಈಗ ನೀಲವ್ವನ ಬಾಗಿಲಿಗೆ ಬರೋಣ.

ಚಪ್ಪಲಿ ಬಿಡದೆಯೇ ಒಳಗೆ ನುಗ್ಗಿದೆ. ಮಗ್ಗದ ಪಕ್ಕ ನೀಲವ್ವ ಕೂತಿದ್ದಳು. ಒಂದು ಕೈಯಲ್ಲಿ ಅರಿಶಿನ ಕೊಂಬು, ತುದಿ ಕೆಂಪಗೆ ಹೊಗೆಯಾಡುತ್ತಿತ್ತು. ತೊಡೆಯ ಮೇಲೆ ಮೊಮ್ಮಗು, ಅಂಗಿಯಿಲ್ಲ. ಮಗಳು ಗೋಡೆಗೊರಗಿ ಮುಖ ಆಚೆ ತಿರುಗಿಸಿದ್ದಳು. ಏನು ಮಾಡುತ್ತಿದ್ದೀ ಎಂದೆ. ನೆಗಡಿಯಾಗಿದೆ, ಹೊಗೆ ಮೂಸುತ್ತಿದ್ದೇನೆ ಎಂದು ನೀಲವ್ವ ಮೂಗು ಎಳೆದಳು. ಮೂಗು ಕೆಂಪಾಗಿದ್ದದ್ದು ಖರೆ. ನೆಗಡಿಗೆ ಅರಿಶಿನದ ಹೊಗೆ ಎಳೆಯುವುದೂ ಖರೆ. ಕೂಸಿನ ಕಣ್ಣಿನ ಬಿಳುಪು ಹಳದಿಯಾಗಿದ್ದದ್ದೂ ಅಷ್ಟೇ ಖರೆ. ನಾನು ಮಗ್ಗದ ಅಂಚಿಗೆ ಕೂತೆ. ಕೊಂಬು ಆರುವತನಕ ಏಳಲಿಲ್ಲ.

"ಗಿರಾಕಿ ಬಿಟ್ಟು ಬಂದೀಯಲ್ಲವಾ, ಜ್ವರಾ ಗಿರಾ ಬಂದಾವೇನ ನಿನಗ?" ಎಂದಳು ನೀಲವ್ವ. ನಾನು ಕೂಸಿನ ಹೊಟ್ಟೆಯನ್ನೇ ನೋಡುತ್ತಿದ್ದದ್ದನ್ನು ಕಂಡು ತಾನೇ ಮುಂದುವರಿಸಿದಳು. "ನಿನಗೂ ಹಾಕ್ಯಾರ, ನನಗೂ ಹಾಕ್ಯಾರ. ನಾವೇನ್ ಸತ್ತೇವೇನ?"

ಐರ್ಲೆಂಡಿನ ಡಾಕ್ಟರಮ್ಮನ ಮಾತು ನಾಲಿಗೆಗೆ ಬಂತು. ಸತ್ತವರು ಬಂದು ಹೇಳುವುದಿಲ್ಲವಲ್ಲ. ಆದರೆ ಬಾಣಂತಿಯ ಎದುರು ಆ ಮಾತು ಆಡಬಾರದು. ಸುಮ್ಮನೆ ಕೂಸನ್ನು ಎತ್ತಿ ಅವಳ ಮಗಳ ಕೈಗೆ ಕೊಟ್ಟು, ಆಟೋ ಕರೆದು, ಇಬ್ಬರನ್ನೂ ದವಾಖಾನೆಗೆ ಕರೆದುಕೊಂಡು ಹೋದೆ. ನೀಲವ್ವ ಬೈಯುತ್ತ ಹಿಂದೆಯೇ ಬಂದು ಆಟೋ ಹತ್ತಿದಳು, ಕೂಸಿನ ಟೊಪ್ಪಿಗೆ ಮರೆತಿದ್ದೆವು, ಅದನ್ನು ತಂದಿದ್ದಳು. ಕೂಸನ್ನು ನೀಲಿ ಬೆಳಕಿನಡಿ ಮಲಗಿಸಿದ್ದಾರೆ. ಒಂದೆರಡು ದಿನ ಇರಬೇಕಂತೆ. ಅಂಗಡಿಗೆ ಬಂದು ನೋಡಿದರೆ ನರಗುಂದದ ಗಿರಾಕಿ ಇನ್ನೂ ಕೂತಿದ್ದರು. ನನ್ನ ಮನಸ್ಸು ಅಂಗಡಿಯಲ್ಲಿ ಇಲ್ಲದ್ದನ್ನು ಕಂಡುಕೊಂಡು ಬೆಲೆಯನ್ನು ಚೆನ್ನಾಗಿ ಇಳಿಸಿಕೊಂಡು ಹೋದರು. ಜಾಣರು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ನೀವು ಮಗುವನ್ನು ದತ್ತು ಪಡೆಯುವವರಿದ್ದರೆ, ಇಲ್ಲೇ ಇರುವವರಾಗಲಿ, ಹೊರದೇಶದಲ್ಲಿರುವವರಾಗಲಿ, ನನ್ನ ಅರವತ್ತು ಸೀರೆಯ ಪಾಠವನ್ನು ಪುಕ್ಕಟೆ ತೆಗೆದುಕೊಳ್ಳಿ. ಮೊದಲ ಸ್ನಾನ ನೀವೇ ಮಾಡಿಸಿ, ಹಗಲಿನ ಬೆಳಕಿನಲ್ಲಿ, ಮಗುವನ್ನು ಸಾಕಿದ ಆಯಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು. ಮೈಮೇಲಿನ ಒಂದೊಂದು ಗುರುತಿನ ಮೇಲೂ ಬೆರಳಿಟ್ಟು ಇದೇನು ಎಂದು ಕೇಳಿ, ನಿಮಗೆ ಗೊತ್ತಿದೆ ಎನಿಸಿದರೂ ಕೇಳಿ. ನಿಮ್ಮ ಮೈಮೇಲೂ ಇರುವ ಗುರುತಿದ್ದರೆ ಎರಡು ಸಲ ಕೇಳಿ. ಹೊಸ ಊರಿನ ಡಾಕ್ಟರಿಗೆ ಅವರು ಕೇಳುವ ಮೊದಲೇ ನೀವು ಹೇಳಿ. ಮೊದಲು ಬಾಯಿಬಿಟ್ಟವನ ಮಾತಿಗೆ ಬೆಲೆ ಹೆಚ್ಚು. ನಮ್ಮ ಜನ ಏನೆನಿಸಿಕೊಂಡಾರು ಎಂದು ಹೆದರಿ ಗೊತ್ತಿದ್ದನ್ನು ಗೊತ್ತಿಲ್ಲ ಎನ್ನಬೇಡಿ. ರಕ್ತ ತೆಗೆಯುವಾಗ ಚೌಕಾಸಿ ಮಾಡಿ, ತಪ್ಪಿಲ್ಲ. ಮನೆಯಲ್ಲಿ ಎಳೆಗೂಸು ಹಳದಿಯಾದರೆ ಅರಿಶಿನ ಅಡಿಗೆಮನೆಯಲ್ಲೇ ಇರಲಿ, ನೀವು ದವಾಖಾನೆಗೆ ನಡೆಯಿರಿ.

ಮುಲಾಮಿನ ಡಬ್ಬಿಯನ್ನು ಸದ್ಯಕ್ಕೆ ಕೊಳ್ಳಬೇಡಿ. ಒಂದು ದಿನ ಆ ಮಗು ಅಂಗಿ ಎತ್ತಿ ಹೊಟ್ಟೆ ತೋರಿಸಿ, ಇದು ಯಾರು ಮಾಡಿದ್ದು ಎಂದು ಕೇಳುತ್ತದೆ. ನೀನು ಬದುಕಬೇಕು ಅಂತ ಯಾರೋ ಮಾಡಿಸಿದ್ದು, ನಿನಗೆ ನೋವೂ ಆಗಿತ್ತು ಎನ್ನಿ. ಎರಡನ್ನೂ ಹೇಳಿ, ಒಂದನ್ನು ಬಚ್ಚಿಡಬೇಡಿ. ಮುಲಾಮು ಬೇಕೋ ಬೇಡವೋ ಎಂದು ಆಗ ಕೇಳಿ. ಆ ಮೂರು ಚುಕ್ಕೆಗಳಿಗೆ ಬೆಲೆ ಕಟ್ಟುವವರು ನಾವಲ್ಲ, ಅವಳು.